ತಂಪು ಹೆಚ್ಚಾಗ್ಯಾದ

ಹಂಚಿನಿಂದ ಆಗಷ್ಟೇ ಇಳಿಸಿದ ಒಂದು ಜೋಳದ ರೊಟ್ಟಿಯಿಂದ ಇಡೀ ಸರ್ಕಾರಕ್ಕೆ ಮೋಸ ಮಾಡಬಹುದು ಎಂದು ಕಂಡುಹಿಡಿದವರು ಫರಸಿಕೇರಿಯ ಹೆಂಗಸರು. ಆಗ ಪ್ರತಿ ಮನೆಯ ಗೋಡೆಯಲ್ಲೂ ಒಂದು ಉಷ್ಣಮಾಪಕ ಇತ್ತು. ಮನೆ ಬಿಸಿಯಾದರೆ ಅದು ಊರಿನ ತಳದಲ್ಲಿದ್ದ ಹಿಮದ ಬಾವಿಗೆ ಸುದ್ದಿ ಮುಟ್ಟಿಸುತ್ತಿತ್ತು. ಬಾವಿಯಿಂದ ಕೊರೆಯುವ ಉಪ್ಪುನೀರು ಕೊಳವೆಯಲ್ಲಿ ಹರಿದು ಬಂದು ಗೋಡೆಗಳನ್ನು ತಣಿಸುತ್ತಿತ್ತು. ಮಾಪಕದ ಮೇಲೆ ಬಿಸಿ ರೊಟ್ಟಿ ಒತ್ತಿ ಹಿಡಿದರೆ ಸಾಕು, ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಬಾವಿ ಗಾಬರಿಯಿಂದ ತಂಪು ಸುರಿಯುತ್ತಿತ್ತು. ಆಮೇಲೆ ಆ ರೊಟ್ಟಿಯನ್ನು ತಿಂದುಬಿಟ್ಟರೆ ಸಾಕ್ಷಿಯೂ ಉಳಿಯುತ್ತಿರಲಿಲ್ಲ.

ಫರಸಿಕೇರಿ ಎಂದರೆ ಹಳೆಯ ಕಲ್ಲುಗಣಿಯೊಳಗಿನ ಊರು. ಮನೆಗೆ ಹಾಸುವ ಫರಸಿ ಕಲ್ಲನ್ನು ಅಜ್ಜಂದಿರು ಅಗೆದು ಅಗೆದು ಮಾರಿಕೊಂಡರು, ಮೊಮ್ಮಕ್ಕಳು ಆ ಗುಂಡಿಗೆ ಚಾವಣಿ ಹಾಕಿ ಒಳಗಿಳಿದರು. ಬೇರೆ ದಾರಿ ಇರಲಿಲ್ಲ. ಬೇಸಿಗೆಯ ಹಗಲಲ್ಲಿ ಮೇಲೆ ನಿಂತವನ ಬೆವರು ಆರುತ್ತಿರಲಿಲ್ಲ, ನೆರಳಿನಲ್ಲೇ ಮನುಷ್ಯ ಬೆಂದುಹೋಗುತ್ತಿದ್ದ. ಗಣಿಯೊಳಗೆ ಸಾಲುಸಾಲಾಗಿ ಕೇರಿಗಳು. ಕೇರಿಗೂ ಕೇರಿಗೂ ನಡುವೆ ದಪ್ಪ ಬಾಗಿಲು, ತಂಪು ಸೋರಬಾರದೆಂದು ಹಗಲೆಲ್ಲ ಬಿಗಿಯಾಗಿ ಮುಚ್ಚಿರುತ್ತಿತ್ತು. ಅದನ್ನು ಒಳಗಿನವರು ತೆರೆಯುವಂತಿರಲಿಲ್ಲ, ತಂಪು ಹಂಚುವ ಸರ್ಕಾರಿ ಕಚೇರಿಯವರೇ ತೆರೆಯಬೇಕು. ಆ ಹೊತ್ತಿಗೆ ಭೂಮಿಯ ಮೇಲೆ ಮನುಷ್ಯನ ಕೈ ಬೀಳದ್ದು ಏನೂ ಉಳಿದಿರಲಿಲ್ಲ. ದೂರದ ಗುಡ್ಡ ಗಣಿಯ ಕಸದ್ದು, ಹೊಳೆ ಕೊಳವೆಯೊಳಗಿನದು, ಮೋಡ ಕಚೇರಿಯವರು ಬಿತ್ತಿದ್ದು. ದೇವರಿಗೆ ಕೈಮುಗಿಯುವಾಗಲೂ ಜನ ಒಂದು ಕಣ್ಣನ್ನು ಕಚೇರಿಯ ಕಡೆಗೇ ಇಟ್ಟಿರುತ್ತಿದ್ದರು.

ರೊಟ್ಟಿಯ ಗುಟ್ಟು ರಟ್ಟಾದ ಮೇಲೆ ಕಚೇರಿಯವರು ಮಾಪಕಗಳನ್ನೆಲ್ಲ ಕಿತ್ತು, ಅದೇ ತೂತಿನಲ್ಲಿ ಒಂದೊಂದು ಹಿತ್ತಾಳೆಯ ಜರಡಿ ಕೂರಿಸಿದರು. ಇನ್ನು ಮೇಲೆ ಮಾಪಕ ಇಲ್ಲ, ಬಾಯಿಬಿಟ್ಟು ಹೇಳಿ ಎಂದರು. ಜರಡಿಯ ಹಿಂದಿನ ಯಂತ್ರ ಮಾತನ್ನೂ ಕೇಳುತ್ತಿತ್ತು, ಮಾತಿನ ಹಿಂದಿನ ಉಸಿರನ್ನೂ ಕೇಳುತ್ತಿತ್ತು. ಸುಳ್ಳು ಹೇಳುವವರ ಗಂಟಲು ಸಣ್ಣಗೆ ಬಿಗಿಯುತ್ತದಂತೆ. ಯಂತ್ರಕ್ಕೆ ಅದು ತಿಳಿಯುತ್ತಿತ್ತು. ಎರಡು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದ ಮನೆಯ ಮಾತಿಗೆ ಆಮೇಲೆ ಬೆಲೆ ಕಡಿಮೆ. ಸದಾ ನಿಜ ಹೇಳುವವರ ಮಾತು ಕೇರಿಯ ಮಾತಾಗುತ್ತಿತ್ತು. ಕಡತದಲ್ಲಿ ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಜನ ಅದನ್ನು ಕಿವಿಯವ್ವ ಎಂದು ಕರೆದರು.

ಕಿವಿಯವ್ವನಿಗೆ ಕನ್ನಡ ಕಲಿಸಿದವಳು ಜಗದೇವಿ. ಮೂರನೇ ಕೇರಿಯವಳು, ಗಂಡನನ್ನು ಮೇಲಿನ ಬಿಸಿಲಿಗೆ ಕಳೆದುಕೊಂಡವಳು, ಓದಿ ನಿಯಂತ್ರಣ ಕೋಣೆಯಲ್ಲಿ ಕೆಲಸ ಹಿಡಿದವಳು. ಯಂತ್ರ ಮೊದಲು ಬಂದಾಗ ಅದಕ್ಕೆ ಪುಸ್ತಕದ ಕನ್ನಡ ಮಾತ್ರ ಬರುತ್ತಿತ್ತು. ‘ಸೆಕಿಗಿ ಸತ್ತೆನೋ ಯಪ್ಪಾ’ ಎಂದು ಯಾರೋ ಆಕಳಿಸಿದರೆ ಅದು ಸಾವಿನ ಸುದ್ದಿ ಎಂದು ನಂಬಿ ಇಡೀ ಕೇರಿಗೆ ತಂಪು ನುಗ್ಗಿಸುತ್ತಿತ್ತು. ಜಗದೇವಿ ಮನೆಮನೆಗೆ ಹೋಗಿ ಮಾತು ಹಿಡಿದುಕೊಂಡು ಬಂದಳು. ನಮ್ಮ ಜನ ದಿನಕ್ಕೆ ಹತ್ತು ಸಲ ಸಾಯುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಕಲಿಸಿದಳು. ಅದರ ಬಾಯಿಗೂ ಅವಳದೇ ದನಿ ಕೊಟ್ಟರು. ಯಾರು ಏನೇ ಹೇಳಲಿ, ಜರಡಿಯಿಂದ ಜಗದೇವಿಯ ದನಿ ‘ತಿಳಿಯಿತು, ಧನ್ಯವಾದ’ ಎನ್ನುತ್ತಿತ್ತು. ಊರಿನ ಪ್ರತಿ ಮನೆಯ ಗೋಡೆಯಲ್ಲೂ ತಾನೇ ಇದ್ದೇನೆ ಎಂಬ ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು, ಇರಬಾರದೆಂದೇನೂ ಇಲ್ಲ.

ಆದರೆ ಮಾತು ಹಿಡಿಯಲು ಹೋದಾಗ ಜನ ಅವಳಿಗೆ ಒಂದು ಬಗೆಯ ಮಾತನ್ನು ಕೊಡಲೇ ಇಲ್ಲ. ಹೊಸ್ತಿಲಲ್ಲಿ ಕುಳಿತ ಓದಿದ ಹುಡುಗಿಯ ಎದುರು, ತುಂಬಿದ ಮನೆಯಲ್ಲಿ, ಇಲ್ಲದ್ದರ ಮಾತನ್ನು ಯಾವ ಹೆಂಗಸು ತೆಗೆಯುತ್ತಾಳೆ?

ಆ ಮಾತು ಜಗದೇವಿಯ ಮನೆಯಲ್ಲೇ ಇತ್ತು. ಅವಳ ಅತ್ತೆ ಬಂಡಮ್ಮ ‘ಮುಗಿಯಿತು’ ಎಂಬ ಮಾತನ್ನು ಜನ್ಮದಲ್ಲಿ ಆಡಿದವಳಲ್ಲ. ಡಬ್ಬಿಯಲ್ಲಿ ಜೋಳದ ಹಿಟ್ಟು ಮುಗಿದರೆ ಹಿಟ್ಟು ಹೆಚ್ಚಾಗ್ಯಾದ ಎನ್ನುವಳು. ಬಳೆ ಒಡೆದರೆ ಬಳೆ ಹೆಚ್ಚಾಯಿತು. ಎಣ್ಣೆ ತಳ ಕಂಡರೆ ಎಣ್ಣೆ ಹೆಚ್ಚಾಗ್ಯಾದ. ಕಡಿಮೆಯಾಗಿದೆ ಎನ್ನಲು ಅಡ್ಡಿಯಿಲ್ಲ. ಪೂರ್ತಿ ಬರಿದಾದಾಗ ಮಾತ್ರ ಆ ಮಾತನ್ನು ತಿರುಗಿಸಿ ಹೇಳಬೇಕು. ಜಗದೇವಿಗೆ ಇದು ಕೇಳಿದರೆ ಮೈಯೆಲ್ಲ ಉರಿ. ಮುಗಿದಿದ್ದನ್ನು ಮುಗಿದಿದೆ ಎಂದರೆ ಆಕಾಶ ಬೀಳುವುದಿಲ್ಲ, ಬೀಳುವುದಿದ್ದರೆ ಯಾವತ್ತೋ ಬಿದ್ದು ಆಗಿದೆ ಎಂದು ಒಮ್ಮೆ ರೇಗಿದ್ದಳು.

ಬಂಡಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. “ಹಂಗ ಅನಬಾರದವ್ವಾ. ಮನಿ ಕೇಳ್ತದ,” ಎಂದಳು. ಆಮೇಲೆ ಹಿತ್ತಾಳೆಯ ಜರಡಿಯ ಕಡೆ ಗದ್ದದಿಂದ ತೋರಿಸಿ, “ಈಗಂತೂ ಖರೇನ ಕೇಳ್ತದ,” ಎಂದಳು.

ಅತ್ತೆ ಸೊಸೆಯರ ಈ ಜಗಳದಲ್ಲಿ ಜಗದೇವಿಯ ಮಗಳು, ಭಾಗಿ ಎಂಬುವಳು, ಅಜ್ಜಿಯ ಪಕ್ಷ. ಶಾಲೆಗೆ ಹೊಸದಾಗಿ ಹೋಗತೊಡಗಿದ್ದ ಅವಳಿಗೆ ಆಗ ಬೇರೆಯೇ ಒಂದು ಕೆಲಸ ಇತ್ತು. ಅಡುಗೆಮನೆಯ ಮೂಲೆಯಲ್ಲಿ ತಂಪಿನ ಕೊಳವೆಯ ಕೀಲು ಇತ್ತು, ಅದರ ಮೇಲೆ ಸದಾ ಬೆವರು ಹನಿ. ಹನಿ ಬಿದ್ದು ಬಿದ್ದು ಕೆಳಗಿನ ಫರಸಿಯ ಸೀಳಿನಲ್ಲಿ ಹಸಿರು ಪಾಚಿ ಕಟ್ಟಿತ್ತು. ಒಂದು ದಿನ ಆ ಸೀಳಿನಿಂದ ಒಂದು ಬಸವನಹುಳು ಹೊರಗೆ ಬಂದಿತ್ತು. ಚಿಪ್ಪಿನ ಬಾಯಿಗೆ ತೆಳ್ಳನೆಯ ಪದರ ಕಟ್ಟಿಕೊಂಡು ಅದು ಕಲ್ಲಿನೊಳಗೆ ಎಷ್ಟು ವರ್ಷ ಮಲಗಿತ್ತೋ ಏನೋ, ಹನಿಯ ಸದ್ದಿಗೆ ಎದ್ದಿತ್ತು. ಬಂಡಮ್ಮ ಅದನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅಂಥದ್ದನ್ನು ಕಂಡದ್ದು ತಾನು ಭಾಗಿಯಷ್ಟಿದ್ದಾಗ. ಸೆಕೆಯಾದರೆ ಇದು ತನ್ನ ಬಾಗಿಲು ಹಾಕಿಕೊಳ್ಳುತ್ತದೆ, ತಂಪಾದರೆ ತೆರೆಯುತ್ತದೆ, ಯಾರನ್ನೂ ಕೇಳುವುದಿಲ್ಲ ಎಂದು ಮೊಮ್ಮಗಳಿಗೆ ಹೇಳಿದಳು.

ಶಾಲೆಯಲ್ಲಿ ಮೇಡಂ ಒಂದು ದಿನ ಮನುಷ್ಯ ಮಾಡದ ಒಂದು ವಸ್ತುವಿನ ಹೆಸರು ಹೇಳಿ ಎಂದು ಕೇಳಿದರಂತೆ. ಒಬ್ಬ ಮಳೆ ಎಂದನಂತೆ, ತಪ್ಪು. ಒಬ್ಬಳು ಗುಡ್ಡ ಎಂದಳಂತೆ, ಅದೂ ತಪ್ಪು. ಭಾಗಿ ಎದ್ದು ನಿಂತು ನಮ್ಮ ಮನೆಯ ಹುಳು ಎಂದಳಂತೆ. ಮೇಡಂ ನಂಬಲಿಲ್ಲ. ಜಗದೇವಿ ಕೆಲಸ ಮುಗಿಸಿ ಬಂದಾಗ ಭಾಗಿ ಅವಳ ಕೈ ಹಿಡಿದು ಮೊದಲು ಆ ಮೂಲೆಗೇ ಎಳೆದುಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ಇಲ್ಲಿತ್ತು, ಈಗ ನೋಡು ಅಲ್ಲಿಗೆ ಹೋಗಿದೆ. ಮೂವರೂ ಬಗ್ಗಿ ಕುಳಿತು ನೋಡುತ್ತಿದ್ದರು. ಯಾರ ಅಪ್ಪಣೆಯೂ ಇಲ್ಲದೆ ಒಂದು ಜೀವ ತನ್ನ ಪಾಡಿಗೆ ಪಾಚಿ ತಿನ್ನುವುದನ್ನು ನೋಡುವುದರಲ್ಲಿ ಎಂಥದೋ ಸುಖವಿತ್ತು. ದಿನವಿಡೀ ಊರಿಗೆ ತಂಪು ಹಂಚಿ ದಣಿದವಳಿಗೆ ಅದೇ ತಂಪು.

ಆ ಬೇಸಿಗೆಯ ಒಂದು ಮಧ್ಯಾಹ್ನ ಮೂರನೇ ಕೇರಿಯ ಪಂಪು ಕೆಟ್ಟು ನಿಂತಿತು. ಅಂಜುವಂಥದ್ದೇನೂ ಅಲ್ಲ. ಬದಲಿ ಪಂಪು ಇತ್ತು. ಕೇರಿಯವರು ತಂಪು ಬೇಕು ಎಂದರೆ ಕಿವಿಯವ್ವ ತಾನೇ ಅದನ್ನು ಓಡಿಸುತ್ತಿದ್ದಳು. ಬೇಡ ಎಂದರೆ ವಿದ್ಯುತ್ತು ಉಳಿಯಿತು.

ನಿಯಂತ್ರಣ ಕೋಣೆಯ ಪರದೆಯಲ್ಲಿ ಜನರ ಮಾತು ಕಾಣುತ್ತಿರಲಿಲ್ಲ. ಮನೆಯ ಮಾತು ಮನೆಯಲ್ಲೇ ಇರಬೇಕೆಂದು ನಿಯಮ. ಯಂತ್ರ ಎಲ್ಲವನ್ನೂ ಸೋಸಿ ಕಚೇರಿಯ ಭಾಷೆಯಲ್ಲಿ ಒಂದೇ ಸಾಲು ಬರೆಯುತ್ತಿತ್ತು. ಅಂದು ಬರೆಯಿತು: ‘ಮೂರನೇ ಕೇರಿ, ಶೈತ್ಯ ಅಧಿಕ, ಹೇಳಿಕೆಗಳು ಪ್ರಾಮಾಣಿಕ. ಇದರ ಪಾಲನ್ನು ಐದನೇ ಕೇರಿಗೆ ತಿರುಗಿಸಬಹುದೆ?’ ಜಗದೇವಿ ಅದನ್ನು ಓದಿ ನಕ್ಕಳು. ಅತ್ತೆ ಕೌದಿ ಹೊದ್ದು ಕುಳಿತು ಚಳಿಯೆಂದು ಗೊಣಗುತ್ತಿರಬೇಕು ಎಂದುಕೊಂಡಳು. ಐದನೇ ಕೇರಿಯ ಸಾಲು ಬೆಳಗಿನಿಂದ ಶೈತ್ಯ ಸಾಲದು, ಶೈತ್ಯ ಸಾಲದು ಎನ್ನುತ್ತಿತ್ತು. ತನ್ನ ಕೇರಿಯಿಂದ ಇನ್ನೊಂದು ಕೇರಿಗೆ ಉಪಕಾರವಾಗುತ್ತದೆ ಎಂದು ಅವಳಿಗೆ ಸಂತೋಷವೂ ಆಯಿತು. “ತಿರುಗಿಸು,” ಎಂದಳು. ಮೂರನೇ ಕೇರಿಯ ದೊಡ್ಡ ಕವಾಟ ಮುಚ್ಚಿಕೊಂಡಿತು. ತಂಪು ಅಧಿಕವಿದ್ದ ಕೇರಿಯಾದ್ದರಿಂದ ಅದರ ಬಾಗಿಲುಗಳೂ ಬಿಗಿಯಾಗಿಯೇ ಇದ್ದವು.

ಚಹಾದ ಹೊತ್ತಿಗೆ ಕಾಶಮ್ಮ ಕೆಟಲು ಹಿಡಿದು ಬಂದಳು. ಎಲ್ಲರಿಗೂ ಹಾಕಿ ಕೊನೆಗೆ ಉಳಿದವನು ಶ್ರೀವತ್ಸ. ಮೈಸೂರು ಕಡೆಯ ಹುಡುಗ, ಕೆಲಸಕ್ಕೆ ಸೇರಿ ಇನ್ನೂ ಹೊಸದು. ಕಾಶಮ್ಮ ಕೆಟಲನ್ನು ಅಲುಗಾಡಿಸಿ ನೋಡಿ, “ಚಾ ಹೆಚ್ಚಾಗ್ಯಾದ್ರಿ,” ಎಂದಳು. ಶ್ರೀವತ್ಸ ಖುಷಿಯಿಂದ ಲೋಟ ಮುಂದೆ ಹಿಡಿದ. ಹೆಚ್ಚಾಗಿದ್ದರೆ ತುಂಬಾ ಹಾಕಿ ಎಂದ. ಕಾಶಮ್ಮ ಅವನ ಮುಖ ನೋಡಿದಳು, ಅವನು ಅವಳ ಮುಖ ನೋಡಿದ. ಲೋಟ ಗಾಳಿಯಲ್ಲಿ ಹಾಗೇ ನಿಂತಿತು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಜಗದೇವಿಯೂ ನಗುತ್ತಾ ಅವನಿಗೆ ಬಿಡಿಸಿ ಹೇಳಲು ಹೊರಟಳು.

“ನಮ್ಮ ಕಡಿ ಮುಗದದ ಅನ್ನಂಗಿಲ್ರೀ. ಹೆಚ್ಚಾಗ್ಯಾದ ಅಂದ್ರ…”

ಅವಳ ಕಣ್ಣು ಪರದೆಯ ಮೇಲಿನ ‘ಅಧಿಕ’ ಎಂಬ ಪದಕ್ಕೆ ಹೋಗಿತ್ತು.

ಆಮೇಲೆ ನಡೆದದ್ದೆಲ್ಲ ಬೇಗ ಬೇಗ ನಡೆಯಿತು, ಆದರೂ ತಡವಾಗಿತ್ತು. ಕವಾಟ ತೆರೆದರು, ಬದಲಿ ಪಂಪು ಓಡಿಸಿದರು. ಬಾಗಿಲು ಬಿಚ್ಚಿದಾಗ ಮೂರನೇ ಕೇರಿಯಿಂದ ಒಲೆಯ ಬಾಯಿಂದ ಬರುವಂಥ ಝಳ ಹೊರಗೆ ಬಿತ್ತು. ಹಗಲು ಹೊತ್ತು ಕೇರಿಯಲ್ಲಿ ಇದ್ದವರು ಮುದುಕಿಯರು ಮತ್ತು ಮಕ್ಕಳು. ಕೆಲವರು ಬಾಗಿಲ ಬಳಿಯೇ ಬಿದ್ದಿದ್ದರು. ಜಗದೇವಿ ಅವರನ್ನು ದಾಟಿಕೊಂಡು ಓಡಿದಳು. ಪಕ್ಕದ ಮನೆಯ ಇರಮ್ಮನ ಹುಡುಗನನ್ನೂ ದಾಟಿದಳು, ಅವನು ಇನ್ನೂ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡಲಿಲ್ಲ. ಅದನ್ನು ಇರಮ್ಮ ಎಂದೂ ಕೇಳಲಿಲ್ಲ, ಜಗದೇವಿ ಎಂದೂ ಹೇಳಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ, ಕೊಳವೆಯ ಕೀಲಿನ ಕೆಳಗೆ, ಒದ್ದೆ ಕೌದಿಯಲ್ಲಿ ಸುತ್ತಿದ ಭಾಗಿ ಇದ್ದಳು. ಮನೆಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಬಂಡಮ್ಮ ಆ ಕೌದಿಗೆ ಸುರಿದಿದ್ದಳು. ಬಿಂದಿಗೆ ಬೋರಲಾಗಿತ್ತು, ಬಂಡಮ್ಮನ ತುಟಿಗಳು ಒಣಗಿ ಬಿರಿದಿದ್ದವು. ಅವಳ ಒಂದು ಕೈ ಹಿತ್ತಾಳೆಯ ಜರಡಿಯ ಕೆಳಗೆ ಗೋಡೆಗೆ ಒರಗಿಕೊಂಡೇ ಇತ್ತು. ಭಾಗಿ ಬದುಕಿದಳು. ಬಂಡಮ್ಮ ಹೆಚ್ಚಾಗಿದ್ದಳು.

ವಿಚಾರಣೆ ನಡೆಯಿತು. ಯಂತ್ರದಲ್ಲಿ ದೋಷವಿಲ್ಲ ಎಂದು ತೀರ್ಮಾನವಾಯಿತು. ನಿವಾಸಿಗಳು ತಂಪಿನ ಬಗ್ಗೆ ವಸ್ತುಸ್ಥಿತಿಗೆ ವಿರುದ್ಧವಾದ ಹೇಳಿಕೆ ಕೊಟ್ಟಿದ್ದಾರೆ, ಇನ್ನು ಮುಂದೆ ಶುದ್ಧ ಕನ್ನಡದಲ್ಲಿ ಮಾತಾಡಬೇಕು ಎಂದು ಕೇರಿಕೇರಿಗೆ ಡಂಗುರ ಸಾರಿದರು. ಸತ್ತವರ ಮೇಲೆ ತಪ್ಪು ಹೊರಿಸಿದರೆ ಒಂದು ಅನುಕೂಲವಿದೆ, ಅವರು ಮೇಲ್ಮನವಿ ಸಲ್ಲಿಸುವುದಿಲ್ಲ. ಸಮಯಪ್ರಜ್ಞೆಯಿಂದ ಉಳಿದವರ ಜೀವ ಉಳಿಸಿದಳೆಂದು ಜಗದೇವಿಗೆ ಶಾಲು ಹೊದಿಸಿದರು. ಆ ಸೆಕೆಯಲ್ಲಿ ಉಣ್ಣೆಯ ಶಾಲು. ಚಪ್ಪಾಳೆ ತಟ್ಟಿದವರಲ್ಲಿ ಇರಮ್ಮನೂ ಇದ್ದಳು, ಅವಳು ತಟ್ಟುವುದನ್ನು ಬಹಳ ಹೊತ್ತು ನಿಲ್ಲಿಸಲಿಲ್ಲ.

ಶುದ್ಧ ಕನ್ನಡದ ಆಜ್ಞೆಯನ್ನು ಯಾರೂ ಪಾಲಿಸುವುದಿಲ್ಲ ಎಂದು ಕಚೇರಿಗೆ ಬೇಗ ಗೊತ್ತಾಯಿತು. ಹಾಗಾಗಿ ಯಂತ್ರಕ್ಕೇ ಆ ಮಾತು ಕಲಿಸಬೇಕೆಂದರು. ಕಲಿಸಬೇಕಾದರೆ ನಿಜವಾದ ದನಿಗಳು ಬೇಕು, ನಟಿಸಿದ ದನಿಯನ್ನು ಯಂತ್ರ ಒಪ್ಪುವುದಿಲ್ಲ. ನಿಜವಾದ ದನಿಗಳು ಯಂತ್ರದೊಳಗೇ ಬೇಕಾದಷ್ಟಿದ್ದವು. ಆ ಮಧ್ಯಾಹ್ನ ಮೂರನೇ ಕೇರಿಯ ಮುದುಕಿಯರು ಆಡಿದ್ದು. ಒಂದೊಂದನ್ನೂ ಕೇಳಿ ‘ಇದರ ಅರ್ಥ ಮುಗಿದಿದೆ’ ಎಂದು ಗುರುತು ಹಾಕಬೇಕು. ಆ ಮಾತನ್ನೂ ಬಲ್ಲವಳು, ಯಂತ್ರವನ್ನೂ ಬಲ್ಲವಳು ಒಬ್ಬಳೇ ಇದ್ದಳು. ಮನೆಯ ಮಾತು ಮನೆಯಲ್ಲೇ ಎಂಬ ನಿಯಮವನ್ನು ಅವಳಿಗಾಗಿ ಸಡಿಲಿಸಿದರು.

ಜಗದೇವಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತಳು. ತಂಪು ಹೆಚ್ಚಾಗ್ಯಾದ. ಗುರುತು. ತಂಪು ಪೂರಾ ಹೆಚ್ಚಾಗ್ಯಾದ ನೋಡವ್ವಾ. ಗುರುತು. ಮೊದಮೊದಲು ದನಿಗಳು ಗಟ್ಟಿಯಾಗಿದ್ದವು, ಬರಬರುತ್ತ ನಾಲಗೆ ತೊದಲತೊಡಗಿತು, ಕೊನೆಕೊನೆಗೆ ಅರ್ಧ ಪದ, ಬರೀ ಹೆಚ್ಚಾ ಎಂಬಷ್ಟೇ. ಅದಕ್ಕೂ ಗುರುತು ಹಾಕಿದಳು. ಆ ತೊದಲು ದನಿಗಳೇ ಎಲ್ಲಕ್ಕಿಂತ ಮುಖ್ಯ, ಅಂಥದ್ದು ಕೇಳಿದ ಕೂಡಲೇ ಕವಾಟ ಪೂರ್ತಿ ತೆರೆಯಬೇಕು ಎಂದು ಯಂತ್ರಕ್ಕೆ ಹೇಳಿಕೊಟ್ಟಳು. ಪ್ರತಿ ದನಿಯ ಹಿಂದೆಯೂ ಅವಳದೇ ದನಿ ತಣ್ಣಗೆ ತಿಳಿಯಿತು, ಧನ್ಯವಾದ ಎನ್ನುತ್ತಿತ್ತು.

ಊರಿನಲ್ಲೇ ಅತ್ಯಂತ ಪ್ರಾಮಾಣಿಕ ದನಿ ಬಂಡಮ್ಮನದು ಎಂದು ಯಂತ್ರ ದಾಖಲಿಸಿತ್ತು. ರೊಟ್ಟಿಯ ಕಾಲದಲ್ಲೂ ಮೋಸ ಮಾಡದ ಮನೆ ಅದು. ಸುಳ್ಳುಬುರುಕ ಮನೆಗಳವರು ತಂಪು ಬರುತ್ತಿಲ್ಲ ಎಂದು ಕಿರುಚಿದ್ದರೂ ಅವರ ಮಾತು ನಡೆಯಲಿಲ್ಲ, ಬಂಡಮ್ಮನ ಮಾತು ನಡೆಯಿತು. ಅವಳು ಮತ್ತೆ ಮತ್ತೆ ಹೇಳಿದ್ದಳು, ಸಿಟ್ಟಾಗದೆ, ಬೇಡಿಕೊಳ್ಳದೆ, ಅಂಗಡಿಯವನಿಗೆ ಹೇಳುವ ಹಾಗೆ. ಕೊನೆಯ ಸಲ ಅವಳು ಮಾತಾಡಿದ್ದು ಜರಡಿಯ ಜೊತೆ ಅಲ್ಲ, ಮೊಮ್ಮಗಳ ಜೊತೆ.

“ಅಳಬ್ಯಾಡ ನನ್ನವ್ವ. ನಿಮ್ಮವ್ವ ತಿಳೀತು ಅಂದಾಳ. ಕೇಳ್ಯಾಳ ಆಕಿ. ಈಗ ಕಳಸ್ತಾಳ.”

ಜಗದೇವಿ ಅದಕ್ಕೆ ಯಾವ ಗುರುತೂ ಹಾಕಲಿಲ್ಲ. ಅಂದಿನಿಂದ ಅವಳ ಬಾಯಲ್ಲೂ ಮುಗಿಯಿತು ಎಂಬ ಪದ ಬರಲಿಲ್ಲ. ಹಿಟ್ಟು ಮುಗಿದ ದಿನ ಹಿಟ್ಟು ಹೆಚ್ಚಾಗ್ಯಾದ ಎಂದಳು. ಗೋಡೆಯಿಂದ ಕೂಡಲೇ ತಣ್ಣನೆಯ ಗಾಳಿ ಬಂತು. ಹಿಟ್ಟಿಗೂ ತಂಪಿಗೂ ವ್ಯತ್ಯಾಸ ನೋಡುವ ಗೋಜಿಗೆ ಯಂತ್ರ ಹೋಗುತ್ತಿರಲಿಲ್ಲ, ಆ ಪದ ಕಿವಿಗೆ ಬಿದ್ದರೆ ಸಾಕು.

ಭಾಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ಸೆಕೆ ಅವಳ ತಲೆಯೊಳಗೆ ಹೋಗಿ ಬಂದಿತ್ತು. ಎಡಗೈ ಹೇಳಿದ ಹಾಗೆ ಕೇಳುತ್ತಿರಲಿಲ್ಲ, ನಾಲಗೆ ಮಂದವಾಗಿತ್ತು, ಒಂದು ಮಾತಿಗೆ ಮೊದಲಿನ ನಾಲ್ಕರಷ್ಟು ಹೊತ್ತು. ಸುಧಾರಿಸಬಹುದು ಎಂದು ಡಾಕ್ಟರು ಹೇಳಿದರು. ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಆ ಊರಿನಲ್ಲಿ ಕಿಟಕಿಯ ಆಚೆ ನೋಡುವಂಥದ್ದು ಏನೂ ಇರಲಿಲ್ಲ. ಶಾಲೆಯವರು ಅವಳನ್ನು ಹಿಂದಿನ ಸಾಲಿಗೆ ಕೂರಿಸಿದರು, ಆಮೇಲೆ ಮನೆಯಲ್ಲೇ ಇರಲಿ ಎಂದರು.

ಬಸವನಹುಳು ಸೀಳಿನ ಬಾಯಲ್ಲಿ ಬಿದ್ದುಕೊಂಡಿತ್ತು. ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡದ್ದು, ಮತ್ತೆ ತೆರೆದಿರಲಿಲ್ಲ. ಪಾಚಿ ಸುಟ್ಟು ಕಂದಾಗಿ, ಆಮೇಲೆ ಹನಿ ಬಿದ್ದು ಮತ್ತೆ ಹಸಿರಾಯಿತು. ಹುಳು ಮಾತ್ರ ಅಲುಗಲಿಲ್ಲ. ಜಗದೇವಿ ಅದು ಸತ್ತಿದೆ ಎಂದುಕೊಂಡಳು. ತೆಗೆದು ಎಸೆಯಲು ಮನಸ್ಸಾಗಲಿಲ್ಲ, ಮಗಳ ಎದುರು ಆ ಮಾತು ಎತ್ತಲೂ ಆಗಲಿಲ್ಲ. ಭಾಗಿ ಇಡೀ ದಿನ ಆ ಮೂಲೆಯಲ್ಲೇ ಕುಳಿತಿರುತ್ತಿದ್ದಳು. ಅಮ್ಮನ ಕೈ ಹಿಡಿದು ಎಳೆಯುವುದನ್ನು ಬಿಟ್ಟಿದ್ದಳು.

ಕಚೇರಿಯವರು ಬಿತ್ತಿದ ಮಳೆ ಮೇಲೆ ಎಲ್ಲೋ ಸುರಿಯುತ್ತಿದ್ದ ಕಾಲ. ಒಂದು ಸಂಜೆ ಜಗದೇವಿ ಮನೆಗೆ ಬಂದು ಚಪ್ಪಲಿ ಬಿಡುವಾಗ ಅಡುಗೆಮನೆಯಿಂದ ಭಾಗಿಯ ದನಿ ಕೇಳಿತು. “ಅವ್ವಾ. ಹುಳ. ಹೆ… ಚ್ಚಾ… ಗ್ಯಾ…” ಕೊನೆಯ ಅಕ್ಷರ ಅವಳ ನಾಲಗೆಗೆ ಎಟುಕಲಿಲ್ಲ.

ಎಟುಕುವ ಅಗತ್ಯವೂ ಇರಲಿಲ್ಲ. ಬಂಡಮ್ಮನ ಮೊಮ್ಮಗಳು ಸತ್ತಿತು ಎನ್ನುವಳೇ? ಜಗದೇವಿ ಹೊಸ್ತಿಲಲ್ಲೇ ಕುಳಿತಳು. ಅತ್ತೆಗೆ ಅಳದಿದ್ದವಳು, ಶಾಲು ಹೊದಿಸಿದಾಗ ಅಳದಿದ್ದವಳು, ಒಂದು ಹುಳುವಿಗೆ ಅತ್ತಳು. ಅಷ್ಟರಲ್ಲಿ ಗೋಡೆಯಿಂದ ಅವಳದೇ ದನಿ ತಿಳಿಯಿತು, ಧನ್ಯವಾದ ಎಂದಿತು. ಕವಾಟ ಪೂರ್ತಿ ತೆರೆಯಿತು. ಕೊಳವೆ ಗುಡುಗಿತು, ಕೀಲಿನ ಮೇಲೆ ಮಂಜು ಕಟ್ಟತೊಡಗಿತು, ಮೈ ನಡುಗುವಂಥ ಚಳಿ ಕೋಣೆ ತುಂಬಿತು. ಮಗುವಿನ ತೊದಲು ಯಂತ್ರಕ್ಕೆ ಚೆನ್ನಾಗಿಯೇ ಅರ್ಥವಾಗಿತ್ತು. ಸಾಯುವವರ ತೊದಲನ್ನು ಅದಕ್ಕೆ ಜಗದೇವಿಯೇ ಕಲಿಸಿದ್ದಳಲ್ಲ.

ಭಾಗಿ ಎದ್ದು ಬಂದಳು. ಅವಳಿಗೆ ಸಿಟ್ಟು ಬಂದಿತ್ತು. ಮಾತಿಗಾಗಿ ಒದ್ದಾಡದೆ, ಸರಿಯಿದ್ದ ಕೈಯಿಂದ ಅಮ್ಮನನ್ನು ಹಿಡಿದು ಮೂಲೆಗೆ ಎಳೆದಳು.

ಹಳೆಯ ಚಿಪ್ಪು ಬಾಗಿಲು ತೆರೆದು ಸೀಳಿನ ಅಂಚಿಗೆ ಬಂದಿತ್ತು. ಅದರ ಸುತ್ತ ಪಾಚಿಯ ಮೇಲೆ ಎಳ್ಳಿನ ಕಾಳಿನಷ್ಟು ಸಣ್ಣ ಸಣ್ಣ ಚಿಪ್ಪುಗಳು. ಗಾಜಿನಷ್ಟು ತೆಳು, ಒಳಗಿನ ಜೀವ ಕಾಣುವಂಥವು. ಜಗದೇವಿ ಬಗ್ಗಿದಳು. ಅವು ಅಲುಗುತ್ತಿದ್ದವು. ಕೆಲವು ಬಸವನಹುಳುಗಳಿಗೆ ಜೊತೆ ಬೇಕಿಲ್ಲ, ಒಂಟಿಯಾಗಿಯೇ ಮೊಟ್ಟೆಯಿಡುತ್ತವೆ ಎಂದು ಅವಳು ಎಂದೋ ಓದಿದ್ದಳು, ಓದಿ ಮರೆತಿದ್ದಳು. ಯಾರೂ ಕಾಯದಿದ್ದಾಗ, ಎಲ್ಲರೂ ಸತ್ತಿದೆ ಎಂದುಕೊಂಡಿದ್ದಾಗ, ಅದು ಅಷ್ಟು ಕೆಲಸ ಮಾಡಿ ಮುಗಿಸಿತ್ತು.

ಭಾಗಿ ಬಾಯಿ ತೆರೆದಳು. ಉಸಿರು ತೆಗೆದುಕೊಂಡು, ಎಲ್ಲ ಅಕ್ಷರಗಳನ್ನೂ ಒಂದೊಂದಾಗಿ ದಾಟಿ, ಕೊನೆಯದನ್ನು ಹಿಡಿದಳು.

“ಹೆ… ಚ್ಚಾ… ಗ್ಯಾ… ವ.”

ದ ಅಲ್ಲ, ವ. ಒಂದಲ್ಲ, ಬಹಳ. ಆ ಪದಕ್ಕೆ ಅದರದೇ ಅರ್ಥವೂ ಒಂದಿದೆ ಎನ್ನುವುದನ್ನು ಜಗದೇವಿ ಮರೆತೇಬಿಟ್ಟಿದ್ದಳು.

ಕೊಳವೆ ಇನ್ನೂ ಗುಡುಗುತ್ತಿತ್ತು. ಮರಿಗಳು ಚಳಿಗೆ ಮುದುಡಿಕೊಳ್ಳತೊಡಗಿದ್ದವು. ಇಲ್ಲಿ ಸುರಿಯುತ್ತಿದ್ದ ತಂಪು ಈ ಗಳಿಗೆಯಲ್ಲಿ ಯಾವ ಕೇರಿಯಿಂದ ಹೋಗುತ್ತಿದೆ, ಅಲ್ಲಿ ಯಾರು ಗೋಡೆಗೆ ಕೈಯಿಟ್ಟು ನೋಡುತ್ತಿದ್ದಾರೆ ಎಂದು ಜಗದೇವಿಗೆ ಗೊತ್ತಿತ್ತು. ಸಾಯುವವರ ತೊದಲು ಕೇಳಿದ ಮೇಲೆ ಬರೀ ಬೇಡ ಎಂದರೆ ಯಂತ್ರ ಒಪ್ಪುವುದಿಲ್ಲ, ಅದನ್ನು ನಿಲ್ಲಿಸಲು ಇದ್ದದ್ದು ಒಂದೇ ಪದ. ಅತ್ತೆ ಜನ್ಮದಲ್ಲಿ ಆಡದ ಪದ, ಆಡಿದ್ದರೆ ಬದುಕುತ್ತಿದ್ದ ಪದ. ಅವಳು ಎದ್ದು ಹಿತ್ತಾಳೆಯ ಜರಡಿಯ ಬಳಿ ಹೋದಳು. ಅದರ ಕೆಳಗೆ, ಗೋಡೆಯ ಮೇಲೆ, ಬಂಡಮ್ಮ ಕೈ ಒರಗಿಸಿದ್ದ ಜಾಗದಲ್ಲಿ ತನ್ನ ಕೈ ಇಟ್ಟಳು.

“ಮುಗದಿಲ್ಲವ್ವಾ,” ಎಂದಳು. “ಇನ್ನೂ ಅದ.”

ತಿಳಿಯಿತು, ಧನ್ಯವಾದ ಎಂದಿತು ಗೋಡೆಯೊಳಗಿನ ಜಗದೇವಿ. ಕವಾಟ ಮುಚ್ಚಿತು. ಕೊಳವೆಯ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಕೀಲಿನಿಂದ ಹನಿ ಬೀಳುವುದು ಮತ್ತೆ ಕೇಳಿಸಿತು.